ಬೆರಳಲ್ಲಿ ತಿರುಗಿದ ನಟ್ಟು

ಕ್ಲಾಸ್ ರೂಮಿಗೂ ನನಗೂ ಎಂದೂ ಆಗಿಬಂದಿಲ್ಲ. ಏಳನೇ ತರಗತಿಯಲ್ಲಿ ಮೇಷ್ಟರು ನನ್ನ ನೋಟ್ ಪುಸ್ತಕವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಅಕ್ಷರವೋ, ಎಣ್ಣೆಗೆ ಬಿದ್ದ ಇರುವೆಗಳೋ" ಎಂದು ಎಲ್ಲರಿಗೂ ತೋರಿಸಿದ ದಿನ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹೀಗಾಗಿ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ "ಮೂರು ದಿನ ತರಬೇತಿ, ಕೂರಲೇಬೇಕು" ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಊರಿನ ಪಾರ್ಕು, ಆಟದ ಮೈದಾನಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ನಾನು ರಿಪೇರಿಯವನು. ಜೋಕಾಲಿ, ಜಾರುಬಂಡೆ, ಹತ್ತುವ ಬಲೆ, ಗರಗರ ತಿರುಗುವ ಚಕ್ರ. ಮಕ್ಕಳು ಕೂತು, ಕುಣಿದು, ನೇತಾಡಿ ಹಾಳು ಮಾಡುವುದನ್ನೆಲ್ಲ ಸರಿಮಾಡುವುದು ನನ್ನ ಕೆಲಸ. ಹಂಗಾಮಿ ನೌಕರಿ. ಸುರಕ್ಷತಾ ತರಬೇತಿಯ ಸರ್ಟಿಫಿಕೇಟು ಇಲ್ಲದ ಹಂಗಾಮಿಗಳಿಗೆ ಮುಂದಿನ ತಿಂಗಳಿಂದ ಕೆಲಸವಿಲ್ಲ ಎಂದು ಡಿಪೋದ ಬೋರ್ಡಿಗೆ ಅಂಟಿಸಿದ್ದರು. ಸಾಲದ್ದಕ್ಕೆ ನನ್ನ ಫೈಲಿನಲ್ಲಿ ಆಗಲೇ ಎರಡು ಮೆಮೊ ಕೂತಿದ್ದವು. ಒಂದು, ಹುಲ್ಲಿನ ಮೇಲೆ ಬೈಕು ಓಡಿಸಿದವನ ಕೀಲಿ ಕಿತ್ತು ಕೊಳಕ್ಕೆ ಎಸೆದಿದ್ದಕ್ಕೆ. ಇನ್ನೊಂದು, ಸ್ಟೋರ್ ಕೀಪರಿಗೆ ಏನೋ ಅಂದಿದ್ದಕ್ಕೆ. ಏನಂದೆ ಎಂಬುದನ್ನು ಮೆಮೊದಲ್ಲಿ ಬರೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ತರಬೇತಿ ನಡೆದದ್ದು ಈಜುಕೊಳದ ಕಟ್ಟಡದ ಮಹಡಿಯಲ್ಲಿ. ಕಿಟಕಿ ತೆರೆದರೆ ಕ್ಲೋರಿನ್ ವಾಸನೆ, ಮುಚ್ಚಿದರೆ ಸೆಕೆ. ಹದಿನೆಂಟು ಜನ ನಾವು: ತೋಟದವರು, ಗೇಟಿನವರು, ಈಜುಕೊಳ ಕಾಯುವ ಹುಡುಗಿ, ನಾನು, ನನ್ನ ಜೊತೆ ಕೆಲಸ ಮಾಡುವ ದೊಡ್ಡಪ್ಪ. ಅವರು ನನ್ನ ದೊಡ್ಡಪ್ಪ ಅಲ್ಲ. ಡಿಪೋದಲ್ಲಿ ಎಲ್ಲರಿಗೂ ದೊಡ್ಡಪ್ಪ. ಇನ್ನೆರಡು ವರ್ಷಕ್ಕೆ ನಿವೃತ್ತಿ, ಆದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮೊದಲ ಸಾಲಿನಲ್ಲಿ ಕೂತು ಟ್ರೇನರ್ ಮೇಡಂ ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದರು. ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ. ಒಳಗೆ ಬರುವಾಗ ಎಲ್ಲರ ಫೋನೂ ಅದರೊಳಗೆ. ಕೊನೆಯ ಸಾಲಿನಲ್ಲಿ ನಮ್ಮ ಸೂಪರ್ವೈಸರ್ ಹಾಜರಿ ಹಾಳೆ ಹಿಡಿದು ಕೂತಿದ್ದರು. ಅರ್ಧ ಗಂಟೆಗಿಂತ ಹೆಚ್ಚು ಹೊರಗಿದ್ದರೆ ಆ ದಿನ ಲೆಕ್ಕಕ್ಕಿಲ್ಲ. ಒಂದು ದಿನ ಲೆಕ್ಕಕ್ಕಿಲ್ಲ ಅಂದರೆ ಸರ್ಟಿಫಿಕೇಟೂ ಇಲ್ಲ.

ಮೊದಲ ದಿನವೆಲ್ಲ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಮೇಡಂ ಮೇಲೆ ಮಾತ್ರ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ, ಪ್ರಯತ್ನಪಟ್ಟೆ. ಐವತ್ತು ದಾಟಿದ ಹೆಂಗಸು, ಕೈ ನೋಡಿದರೆ ಗೊತ್ತಾಗುತ್ತಿತ್ತು, ಸ್ಪ್ಯಾನರ್ ಹಿಡಿದು ಹಿಡಿದು ಗಂಟು ಕಟ್ಟಿದ ಕೈ. ಪುಸ್ತಕ ಹಿಡಿದು ಬಂದಿರಲಿಲ್ಲ. ಒಂದು ತಗಡಿನ ಪೆಟ್ಟಿಗೆ ತಂದಿದ್ದರು. ಅದರೊಳಗೆ ಮುರಿದ ಕೊಂಡಿ, ಸವೆದ ಸರಪಳಿ, ಸೀಳಿದ ಸೀಟು. ಒಂದೊಂದನ್ನೇ ಎತ್ತಿ, ಇದು ಯಾವ ಮಗುವಿನ ಯಾವ ಮೂಳೆ ಮುರಿದಿತ್ತು ಅಂತ ಹೇಳುತ್ತಿದ್ದರು. ಸ್ವರ ಏರಿಸದೆ, ತರಕಾರಿ ಪಟ್ಟಿ ಓದಿದ ಹಾಗೆ.

ಎರಡನೇ ದಿನ ಮಧ್ಯಾಹ್ನ ಊಟ ಮುಗಿಸಿ ಕೂತಾಗ ಗೋಡೆಯ ಗಡಿಯಾರದಲ್ಲಿ ಎರಡು ಮುಕ್ಕಾಲು. ಮೇಡಂ ಪ್ರತಿಯೊಬ್ಬರ ಕೈಗೂ ಒಂದು ಬೋಲ್ಟು, ಎರಡು ಲಾಕ್ ನಟ್ಟು ಕೊಟ್ಟರು. ಎರಡರ ಒಳಗೂ ನೀಲಿ ನೈಲಾನ್ ಉಂಗುರ.

"ಒಂದು ಹೊಸದು, ಒಂದು ಹಳೇದು," ಎಂದರು. "ಕೈಯಲ್ಲೇ ತಿರುಗಿಸಿ ನೋಡಿ."

ಹೊಸದು ಎರಡು ಸುತ್ತು ಹೋಗಿ, ನೀಲಿ ಉಂಗುರ ಸಿಕ್ಕ ಕೂಡಲೇ ಕಚ್ಚಿಕೊಂಡು ನಿಂತಿತು. ಹಳೆಯದು ಜರ್‍ರನೆ ಕೊನೆತನಕ ಓಡಿತು.

"ಆ ಉಂಗುರ ಇದೆಯಲ್ಲ, ಅದೇ ನಟ್ಟಿನ ಹಲ್ಲು. ಒಂದು ಸಲ ಕಚ್ಚುತ್ತೆ. ಬಿಚ್ಚಿದರೆ ಹಲ್ಲು ಸವೀತು. ಇನ್ನೊಂದು ಸಲ ಹಾಕಿ ಎಷ್ಟು ಬಿಗಿ ಮಾಡಿದರೂ ಜೋಕಾಲಿ ಆಡ್ತಾ ಆಡ್ತಾ ತಾನಾಗೇ ಸಡಿಲ ಆಗುತ್ತೆ. ಎಣ್ಣೆ ಹಚ್ಚಿದರಂತೂ ಕೇಳಲೇಬೇಡಿ. ಬೆರಳಲ್ಲಿ ತಿರುಗಿದರೆ ಅದು ಸತ್ತ ನಟ್ಟು. ಕಸದ ಬುಟ್ಟಿಗೆ."

ನಾನು ಹಳೆಯದನ್ನು ಇನ್ನೊಮ್ಮೆ ತಿರುಗಿಸಿ ನೋಡಿದೆ. ಮತ್ತೆ ಜರ್‍ರನೆ ಓಡಿತು.

ನಾನು ಒಂದು ವರ್ಷದಿಂದ ಹಳೇ ನಟ್ಟುಗಳನ್ನೇ ಹಾಕುತ್ತಿದ್ದೆ. ಬಿಚ್ಚಿದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ತಿರುಗಿ ಅಲ್ಲೇ. ಹೊಳೆಯುತ್ತಿದ್ದವು. ಹೊಸದರ ಹಾಗೆ ಕಾಣುತ್ತಿದ್ದವು. ನನಗೆ ಅದೊಂದು ಹೆಮ್ಮೆ ಬೇರೆ. ಅಸಲಿ ಕಾರಣ ಹೆಮ್ಮೆಯಲ್ಲ. ಸ್ಟೋರಿನಲ್ಲಿ ಹೊಸ ನಟ್ಟು ಬೇಕಾದರೆ ಚೀಟಿ ಬರೆದುಕೊಡಬೇಕು: ಯಾವ ಪಾರ್ಕು, ಯಾವ ಸಾಮಾನು, ಎಷ್ಟು, ಯಾಕೆ. ಹೋದ ವರ್ಷ ನಾನು ಬರೆದ ಚೀಟಿಯನ್ನು ಸ್ಟೋರ್ ಕೀಪರ್ ಕೌಂಟರಿನ ಆಚೆಯಿಂದ ಎತ್ತಿ ಹಿಡಿದು, ಸಾಲಿನಲ್ಲಿ ನಿಂತವರಿಗೆಲ್ಲ ತೋರಿಸಿ, "ಇದನ್ನ ಓದೋಕೆ ಡಾಕ್ಟರನ್ನ ಕರೆಸಬೇಕು" ಎಂದಿದ್ದ. ಎರಡನೇ ಮೆಮೊ ಬಂದದ್ದು ಅಂದೇ. ಅವತ್ತಿನಿಂದ ನಾನು ಒಂದು ಚೀಟಿಯನ್ನೂ ಬರೆದಿರಲಿಲ್ಲ. ಸತ್ತರೂ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದೆ. ಸಾಯುವವನು ನಾನಲ್ಲ ಎಂಬುದು ತಲೆಗೆ ಹೊಳೆದಿರಲಿಲ್ಲ.

ಸ್ಕೂಲ್ ಹಿಂದಿನ ಪಾರ್ಕಿನ ಬುಟ್ಟಿ ಜೋಕಾಲಿ ಕಣ್ಣ ಮುಂದೆ ಬಂತು. ಹಗ್ಗದಲ್ಲಿ ಹೆಣೆದ ದೊಡ್ಡ ಗುಂಡನೆ ಬುಟ್ಟಿ, ನಾಲ್ಕೈದು ಮಕ್ಕಳು ಒಟ್ಟಿಗೆ ಹತ್ತಿ ಮಲಗಿ ತೂಗುವಂಥದ್ದು. ಎರಡು ವಾರ ಮುಚ್ಚಿಟ್ಟು, ಮೇಲಿನ ಕಂಬಿಗೆ ಬಣ್ಣ ಹೊಡೆದು, ಈ ಸೋಮವಾರ ನಾನೇ ಮತ್ತೆ ತೂಗುಹಾಕಿದ್ದೆ. ನಾಲ್ಕು ಬೋಲ್ಟು, ನಾಲ್ಕು ನಟ್ಟು. ನಾಲ್ಕೂ ತೊಳೆದ ನಟ್ಟು, ಎಣ್ಣೆ ಸಮೇತ. ಮೂರು ದಿನದಿಂದ ಇಡೀ ಸ್ಕೂಲು ಅದರ ಮೇಲೆಯೇ ಬಿದ್ದಿತ್ತು. ಅಕ್ಕನ ಮಗಳು ಚೂಟಿ ನಿನ್ನೆ ಸಂಜೆ ಫೋನಿನಲ್ಲಿ, "ಮಾಮ, ನಿನ್ನ ಜೋಕಾಲೀಲಿ ಕ್ಯೂ! ನಂಗೆ ಸಿಗಲೇ ಇಲ್ಲ. ನಾಳೆ ಬೆಲ್ ಹೊಡೆದ ತಕ್ಷಣ ಓಡ್ತೀನಿ" ಎಂದಿದ್ದಳು.

ಬೆಲ್ ಹೊಡೆಯುವುದು ಮೂರು ಕಾಲಿಗೆ.

ದೊಡ್ಡಪ್ಪ ಹಿಂದೆ ತಿರುಗಿ ನನ್ನ ಮುಖ ನೋಡಿದರು. "ಏನೋ? ಊಟದಲ್ಲಿ ಕಲ್ಲು ಸಿಕ್ತಾ?"

ನಾನು ಎದ್ದೆ. "ಸಾರ್, ಹೊಟ್ಟೆ ಸರಿ ಇಲ್ಲ. ಸ್ವಲ್ಪ ಹೊರಗೆ ಹೋಗಿ ಬರ್ತೀನಿ."

ಸೂಪರ್ವೈಸರ್ ಹಾಜರಿ ಹಾಳೆಯಿಂದ ತಲೆ ಎತ್ತದೆಯೇ ಹೇಳಿದರು, "ನಿನ್ನೆ ತಲೆನೋವು, ಇವತ್ತು ಹೊಟ್ಟೆ. ನಾಳೆ ಯಾವುದು, ಮಂಡಿನಾ? ಕೂತ್ಕೊ. ಕೆಲಸ ಉಳಿಸ್ಕೊಳ್ಳೋ ಮನಸ್ಸಿದ್ದರೆ ಕೂತ್ಕೊ."

ಎಲ್ಲರೂ ನಕ್ಕರು. ಕಿವಿ ಬಿಸಿಯಾಯಿತು. ನನ್ನ ಗುರುತು ಇರುವವರಿಗೆ ಮುಂದೇನಾಗುತ್ತದೆ ಗೊತ್ತು: ಕುರ್ಚಿ ಉರುಳುತ್ತದೆ, ಬಾಗಿಲು ದಢಾರನೆ ಬಡಿಯುತ್ತದೆ, ನಾನು ಹೊರಗಿರುತ್ತೇನೆ. ಹತ್ತು ವರ್ಷದಿಂದ ಎಲ್ಲ ರೂಮುಗಳಿಂದಲೂ ನಾನು ಹಾಗೆಯೇ ಹೊರಬಂದವನು. ಆದರೆ ಹೊರಗೆ ಹೋಗಿ ಏನು ಮಾಡಲಿ? ಪಾರ್ಕು ಊರಿನ ಆ ತುದಿ. ಬಸ್ಸಿಗೆ ಮುಕ್ಕಾಲು ಗಂಟೆ. ವ್ಯಾನಿನ ಕೀಲಿ ಸೂಪರ್ವೈಸರ್ ಜೇಬಿನಲ್ಲಿ. ಬಾಗಿಲು ಬಡಿದರೆ ವ್ಯಾನು ಬರುವುದಿಲ್ಲ.

"ಮೇಡಂ," ಎಂದೆ. ನನ್ನ ದನಿ ನನಗೇ ಪರಿಚಯವಾಗಲಿಲ್ಲ, ಅಷ್ಟು ಸಣ್ಣಗಿತ್ತು. "ಹೊಟ್ಟೆ ಸರಿಯಾಗೇ ಇದೆ. ನಾನು ಹಳೇ ನಟ್ಟೇ ಹಾಕಿದ್ದೀನಿ. ತೊಳೆದು, ಎಣ್ಣೆ ಹಚ್ಚಿ."

ನಗು ನಿಂತಿತು.

"ಎಲ್ಲಿ?" ಎಂದರು ಮೇಡಂ.

"ಸ್ಕೂಲ್ ಹಿಂದಿನ ಪಾರ್ಕಲ್ಲಿ. ಬುಟ್ಟಿ ಜೋಕಾಲಿ. ನಾಲ್ಕೂ."

"ಅಲ್ಲಿ ಮಾತ್ರನಾ?"

"ಇಲ್ಲ."

"ಬೋರ್ಡಿನ ಮೇಲೆ ಬರಿ. ಎಲ್ಲೆಲ್ಲಿ, ಏನೇನು, ಎಷ್ಟೆಷ್ಟು. ಬೇಗ." ಮಾರ್ಕರ್ ನನ್ನ ಕೈಗೆ ಬಂತು.

ಹನ್ನೊಂದು ವರ್ಷವಾಗಿತ್ತು ನಾನು ಬೋರ್ಡಿನ ಮುಂದೆ ನಿಂತು. ಬರೆದೆ. ರೈಲು ಹಳಿ ಪಕ್ಕದ್ದು, ಜೋಕಾಲಿ ಎರಡು, ನಟ್ಟು ಎಂಟು. ಆಸ್ಪತ್ರೆ ಎದುರಿನದು, ಏರಿಳಿ ಹಲಗೆ, ಎರಡು. ಮೂರು ಮೂಲೆ ಪಾರ್ಕು, ತಿರುಗುವ ಚಕ್ರ, ಆರು. ಒಟ್ಟು ಏಳು ಪಾರ್ಕು. ಸಾಲು ಮೇಲಕ್ಕೂ ಕೆಳಕ್ಕೂ ಹೋಯಿತು, ಅಕ್ಷರ ಒಂದರ ಮೇಲೊಂದು ಬಿದ್ದವು. ಬೆನ್ನ ಹಿಂದೆ ನಗು ಬರುತ್ತದೆ ಎಂದು ಕಾದೆ. ಬಂದದ್ದು ಈಜುಕೊಳದ ಹುಡುಗಿಯ ದನಿ: "ಅದೇನು, ಆರಾ ಎಂಟಾ?" "ಆರು," ಎಂದೆ. "ಸರಿ," ಎಂದಳು, ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ತಿರುಗಿ ನೋಡಿದರೆ ದೊಡ್ಡಪ್ಪನೊಬ್ಬರನ್ನು ಬಿಟ್ಟು ಎಲ್ಲರೂ ಬರೆದುಕೊಳ್ಳುತ್ತಿದ್ದರು.

ಸೂಪರ್ವೈಸರ್ ಎದ್ದು ನಿಂತಿದ್ದರು. ಮುಖ ಕೆಂಪಗೆ. "ನಿನಗೆ ತಲೆ ನೆಟ್ಟಗಿದೆಯೇನೋ? ಮಕ್ಕಳು ಆಡೋ ಜಾಗ ಅದು!"

"ಬೈಯೋದು ವ್ಯಾನಲ್ಲೂ ಆಗುತ್ತೆ," ಎಂದರು ಮೇಡಂ ಪೆಟ್ಟಿಗೆ ಮುಚ್ಚುತ್ತ. "ಕೀಲಿ ನಿಮ್ಮ ಹತ್ತಿರ ತಾನೇ? ನಡೀರಿ. ಎಲ್ಲರೂ."

ಮುಂದಿನದೆಲ್ಲ ಓಟ. ಬುಟ್ಟಿಯಿಂದ ಫೋನು ಬಾಚಿಕೊಂಡು ಎಂಟು ಜನ ವ್ಯಾನಿನಲ್ಲಿ, ಉಳಿದವರು ಏಣಿ ಹೇರಿಕೊಂಡು ಹಿಂದಿನ ಪಿಕಪ್ಪಿನಲ್ಲಿ. ನಾನು ಅಕ್ಕನಿಗೆ ಫೋನ್ ಹಚ್ಚಿದೆ. ಚೂಟಿಯನ್ನು ಕರೆತರಲು ಹೋಗುವಾಗ ಅಕ್ಕನ ಫೋನು ಕೈಚೀಲದ ಪಾತಾಳದಲ್ಲಿರುತ್ತದೆ. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಸೂಪರ್ವೈಸರ್ ಆ ಪಾರ್ಕಿನ ಗೇಟಿನವನಿಗೆ ಹಚ್ಚಿದರು. ಅವನೂ ಎತ್ತಲಿಲ್ಲ.

"ಹುಲ್ಲು ಕತ್ತರಿಸೋ ಮೆಷಿನ್ ಮೇಲೆ ಕೂತಿರ್ತಾನೆ," ಎಂದಳು ಈಜುಕೊಳದ ಹುಡುಗಿ. "ಆಗ ಪ್ರಳಯ ಆದ್ರೂ ಅವನಿಗೆ ಕೇಳಲ್ಲ."

ಗಂಟೆ ಮೂರು ಹತ್ತು. ಸಿಗ್ನಲ್ಲಿನಲ್ಲಿ ಕೆಂಪು ದೀಪ. ಎದುರಿನ ಕಾರಿನವನು ಹಸಿರು ಬಂದರೂ ಹೊರಡದೆ ಕೂತಿದ್ದ. ನನ್ನ ಬಾಯಿಗೆ ಅವನ ಏಳು ತಲೆಮಾರೂ ಬಂತು, ನುಂಗಿಕೊಂಡೆ.

ಪಕ್ಕದಲ್ಲಿ ದೊಡ್ಡಪ್ಪ ಕೂತಿದ್ದರು. "ಚೀಟಿ ಬರೆಯೋಕೆ ನನ್ನನ್ನ ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ವೇನೋ?"

"ನಿಮಗೂ ಬರೆಯೋಕೆ ಬರಲ್ವಲ್ಲ ದೊಡ್ಡಪ್ಪ."

"ಬರಲ್ಲ. ಅದಕ್ಕೇ ಈ ಹುಡುಗಿ ಕೈಲಿ ಬರೆಸ್ತೀನಿ. ಇಪ್ಪತ್ತೆಂಟು ವರ್ಷ ಆಯ್ತು, ಒಂದು ಚೀಟಿನೂ ನಾನೇ ಬರೆದಿಲ್ಲ. ಇವಳಿಗೆ ಮುಂಚೆ ಇವಳ ಅಪ್ಪ ಬರೆದುಕೊಡ್ತಿದ್ದ."

"ಒಂದು ಚೀಟಿಗೆ ಒಂದು ಚಾಕಲೇಟು," ಎಂದಳು ಹುಡುಗಿ ಹಿಂದಿನ ಸೀಟಿನಿಂದ. "ಅದು ನನ್ನ ರೇಟು."

"ನಾಚಿಕೆ ಆಗಲ್ವಾ?" ಎಂದು ಕೇಳಿಬಿಟ್ಟೆ.

ದೊಡ್ಡಪ್ಪ ನನ್ನನ್ನು ಎಳೆಮಗುವನ್ನು ನೋಡಿದ ಹಾಗೆ ನೋಡಿದರು. "ಕೊಡೆ ಇಲ್ಲದವನು ಇನ್ನೊಬ್ಬನ ಕೊಡೆ ಕೆಳಗೆ ನಡೆದರೆ ನಾಚಿಕೆ ಏನೋ? ನಿನಗೆ ನಾಚಿಕೆ ಜಾಸ್ತಿ, ಅದನ್ನ ಮುಚ್ಚೋಕೆ ಸಿಟ್ಟು ಇನ್ನೂ ಜಾಸ್ತಿ. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುತ್ತೇನೋ?"

"ದೊಡ್ಡಪ್ಪ, ಈಗ ಗಾದೆ ಬೇಡ."

"ಸರಿ, ಬೇಡ," ಎಂದು ನನ್ನ ಮಂಡಿಯ ಮೇಲೆ ಕೈ ಇಟ್ಟರು. ಆ ಕೈ ಅಲ್ಲೇ ಇತ್ತು, ವ್ಯಾನು ನಿಲ್ಲುವ ತನಕ.

ನಿಂತಾಗ ಮೂರು ಇಪ್ಪತ್ತೈದು. ಸ್ಕೂಲು ಬಿಟ್ಟಾಗಿತ್ತು. ಬೀದಿ ತುಂಬ ಮಕ್ಕಳ ಚೀಲ, ನೀರಿನ ಬಾಟಲಿ. ನಾನು ಗೇಟು ದಾಟುವಷ್ಟರಲ್ಲಿ ಕಂಡಿತು: ಬುಟ್ಟಿ ಈ ಕಡೆಯಿಂದ ಆ ಕಡೆಗೆ ತೂಗುತ್ತಿತ್ತು. ಒಳಗೆ ಐದು ಮಕ್ಕಳು, ನಡುವೆ ಹಸಿರು ರಿಬ್ಬನ್ನಿನ ಚೂಟಿ. ಇಬ್ಬರು ದೊಡ್ಡ ಹುಡುಗರು ಹಿಂದಿನಿಂದ ತಳ್ಳುತ್ತಿದ್ದರು. ಬುಟ್ಟಿ ತುದಿಗೆ ಹೋದಾಗಲೆಲ್ಲ ಮೇಲಿನ ಕಂಬಿ ಟಕ್ ಎನ್ನುತ್ತಿತ್ತು. ಬೇರೆ ಯಾರಿಗೂ ಕೇಳದ ಸದ್ದು ಅದು. ನನಗೆ ಕೇಳಿತು.

ಇಷ್ಟು ಹೊತ್ತು ನುಂಗಿದ್ದೆಲ್ಲ ಒಂದೇ ಸಲ ಹೊರಗೆ ಬಂತು.

"ತಳ್ಳೋದು ನಿಲ್ಸ್ರೋ! ಹಿಡೀರಿ! ಇಳೀರೀ ಎಲ್ಲಾ!"

ಜೀವಮಾನದಲ್ಲಿ ನಾನು ಬಹಳ ಕೂಗಾಡಿದ್ದೇನೆ, ಆದರೆ ಅದೊಂದು ಕೂಗು ಕೆಲಸಕ್ಕೆ ಬಂತು. ಇಡೀ ಪಾರ್ಕು ಕಲ್ಲಾಯಿತು. ಬೆಂಚಿನ ಮೇಲಿದ್ದ ಮುದುಕರೊಬ್ಬರು ಕೈಯಲ್ಲಿದ್ದ ಪೇಪರ್ ಬಿಟ್ಟರು. ಹುಲ್ಲಿನ ಮೆಷಿನ್ ಮೇಲಿದ್ದ ಗೇಟಿನವನಿಗೂ ಕೇಳಿತು, ಮೆಷಿನ್ ನಿಲ್ಲಿಸಿದ. ದೊಡ್ಡ ಹುಡುಗರಿಬ್ಬರೂ ಬುಟ್ಟಿಯನ್ನು ಅಪ್ಪಿ ಹಿಡಿದು ನಿಂತರು. ನಾನು ಹೋಗಿ ಒಬ್ಬೊಬ್ಬರನ್ನೇ ಎತ್ತಿ ಇಳಿಸಿದೆ. ಒಂದು, ಎರಡು, ಮೂರು, ನಾಲ್ಕು. ಚೂಟಿ ಕೊನೆಯವಳು. ಅವಳ ಕಾಲು ನೆಲಕ್ಕೆ ತಾಗಿದ ಮೇಲೆಯೇ ಕೈ ಬಿಟ್ಟೆ.

ಅಕ್ಕ ಗಿಡಗಳ ಹಿಂದಿನಿಂದ ಓಡಿಬಂದಳು. "ಏನೋ ನಿನ್ನ ಅರಚಾಟ! ಮಗು ಬಿಳುಚಿಕೊಂಡಿದೆ ನೋಡು. ಮನೇಲಿ ಅರಚೋದು ಸಾಲದು ಅಂತ ಇಲ್ಲಿಗೂ ಬಂದ್ಯಾ?"

"ಅಕ್ಕ, ಒಂದು ನಿಮಿಷ."

"ಏನು ಒಂದು ನಿಮಿಷ? ಇಷ್ಟು ಜನ ಯಾರು? ನೀನು ಕ್ಲಾಸಲ್ಲಿ ಇರಬೇಕಾಗಿತ್ತಲ್ಲ? ಅಲ್ಲೂ ಜಗಳ ಮಾಡ್ಕೊಂಡ್ಯಾ?"

"ಇದೇ ನಮ್ಮ ಕ್ಲಾಸು, ಅಮ್ಮ," ಎಂದರು ಮೇಡಂ ಹಿಂದಿನಿಂದ, ಏದುಸಿರು ಬಿಡುತ್ತ.

ನಾನು ಕಂಬಕ್ಕೆ ಕಾಲು ಕೊಟ್ಟು ಹತ್ತಲು ಹೊರಟೆ. ಮೇಡಂ ನನ್ನ ಅಂಗಿ ಹಿಡಿದು ಎಳೆದರು. "ಏಣಿ ಬರಲಿ."

"ಮೇಡಂ, ನಟ್ಟು..."

"ಮಕ್ಕಳು ಇಳಿದಾಯ್ತು. ಇನ್ನು ಅದು ಬಿದ್ದರೂ ಮಣ್ಣಿನ ಮೇಲೆ ಬೀಳುತ್ತೆ. ಅವಸರ ಮುಗೀತು. ಉಸಿರು ಬಿಡು."

ಎಷ್ಟು ಸರಳ ಮಾತು. ನೆಲದ ಮೇಲೆ, ಮರದ ತೊಗಟೆ ಹಾಸಿದ ಆ ಮೆತ್ತನೆ ಜಾಗದಲ್ಲಿ ಕೂತುಬಿಟ್ಟೆ. ಈಜುಕೊಳದ ಹುಡುಗಿ ನೀರಿನ ಬಾಟಲಿ ಕೊಟ್ಟಳು. ಅರ್ಧ ಕುಡಿದೆ, ಅರ್ಧ ಅಂಗಿಯ ಮೇಲೆ ಹೋಯಿತು.

ಏಣಿ ಬಂತು. ದೊಡ್ಡಪ್ಪ ಕೆಳಗೆ ಹಿಡಿದುಕೊಂಡರು, ನಾನು ಹತ್ತಿದೆ. ಇಡೀ ಕ್ಲಾಸೂ ಅಕ್ಕನೂ ಕತ್ತು ಮೇಲೆತ್ತಿ ನಿಂತಿದ್ದರು. ಮೊದಲ ನಟ್ಟಿಗೆ ಹೆಬ್ಬೆರಳು, ತೋರುಬೆರಳು ಹಚ್ಚಿ ತಿರುಗಿಸಿದೆ. ಅಲ್ಲಾಡಲಿಲ್ಲ. ಎರಡನೆಯದು, ಅಲ್ಲಾಡಲಿಲ್ಲ. ಆ ತುದಿಗೆ ಏಣಿ ಸರಿಸಿದರು. ಮೂರನೆಯದು ಕಾಲು ಸುತ್ತು ತಿರುಗಿತು. ನಾಲ್ಕನೆಯದು ಬೋಲ್ಟಿನ ಕೊನೆಗೇ ಬಂದು ಕೂತಿತ್ತು. ಬೆರಳು ಹಚ್ಚಿದೆ ಅಷ್ಟೆ. ಒಂದು ಸುತ್ತು, ಎರಡು, ಇನ್ನರ್ಧ. ನನ್ನ ಅಂಗೈಗೆ ಬಿತ್ತು.

ಎರಡೂವರೆ ಸುತ್ತು. ಇವತ್ತಿಗೂ ನನಗೆ ಆ ಲೆಕ್ಕ ಮರೆತಿಲ್ಲ. ಇನ್ನರ್ಧ ಗಂಟೆಯ ಆಟವೋ, ನಾಳೆ ಬೆಳಗಿನ ಆಟವೋ, ಯಾರಿಗೆ ಗೊತ್ತು. ಆ ಕ್ಷಣಕ್ಕೆ ನನಗೆ ಹೆದರಿಕೆಯಾಗಲಿಲ್ಲ, ವಿಚಿತ್ರವೆಂದರೆ ನಗು ಬಂತು. ಏಣಿಯ ಮೇಲೆ ನಿಂತು, ನಟ್ಟು ಹಿಡಿದುಕೊಂಡು, ಹುಚ್ಚನ ಹಾಗೆ ನಕ್ಕೆ. ಕಣ್ಣಲ್ಲಿ ನೀರೂ ಬಂದಿತ್ತು. ಕೆಳಗಿನವರಿಗೆ ಕಾಣದಿರಲಿ ಎಂದು ಕಂಬಿಯ ಕಡೆ ಮುಖ ಮಾಡಿದೆ.

"ಏನಾಯ್ತು?" ಎಂದು ಕೂಗಿದರು ಸೂಪರ್ವೈಸರ್.

"ಬಂತು ಸಾರ್. ಕೈಗೆ ಬಂತು."

ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಆ ಮನುಷ್ಯನಿಗೂ ಒಬ್ಬ ಮಗ ಅದೇ ಸ್ಕೂಲಿನಲ್ಲಿ ಓದುತ್ತಾನೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಬುಟ್ಟಿಯಿಂದ ಇಳಿಸಿದ ಐವರಲ್ಲಿ ಅವನಿರಲಿಲ್ಲ. ಕ್ಯೂನಲ್ಲಿ ಮುಂದಿನವನಾಗಿ ನಿಂತಿದ್ದ.

ಕೆಳಗಿಳಿದಾಗ ಮೇಡಂ ಕೈ ಚಾಚಿದರು. ನಾನು ನಟ್ಟನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಿದ್ದೆ. "ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ? ಎಸಿ," ಎಂದರು. ಕಸದ ಡಬ್ಬಿಗೆ ಎಸೆದೆ. ಠಣ್ ಎಂದಿತು.

ಸೂಪರ್ವೈಸರ್ ಸ್ಟೋರಿಗೆ ಫೋನ್ ಮಾಡಿದರು. ಆ ಕಡೆಯ ಮಾತು ನಮಗೆ ಕೇಳಲಿಲ್ಲ, ಈ ಕಡೆಯದು ಕೇಳಿತು. "ಲಾಕ್ ನಟ್ಟಿನ ಡಬ್ಬಿ. ಪೂರ್ತಿ ಡಬ್ಬಿ. ... ಚೀಟಿ ಆಮೇಲೆ. ... ಆಮೇಲೆ ಅಂದ್ನಲ್ಲ. ... ನೋಡಪ್ಪಾ, ನೀನೇ ತಗೊಂಡು ಬರ್ತೀಯಾ, ನಾನೇ ಬಂದು ನಿನ್ನನ್ನೂ ಸೇರಿಸಿ ತಗೊಂಡು ಬರಲಾ?"

ಸ್ಟೋರ್ ಕೀಪರ್ ಸ್ಕೂಟರಿನಲ್ಲಿ ತಾನೇ ಬಂದ, ಡಬ್ಬಿಯನ್ನು ಎದೆಗೆ ಅವುಚಿಕೊಂಡು. ನನ್ನನ್ನು ನೋಡಿದ. ನಾನೂ ನೋಡಿದೆ. ಬೈಯಲು ನನ್ನ ಹತ್ತಿರ ಆಗಲೇ ಏನೂ ಉಳಿದಿರಲಿಲ್ಲ. "ಎಷ್ಟು ಬೇಕು?" ಎಂದ. "ನಾಲ್ಕು ಇಲ್ಲಿಗೆ, ಮೂವತ್ತು ಹೊರಗೆ," ಎಂದೆ. ಎಣಿಸಿ ಕೊಟ್ಟ. ಅಷ್ಟೇ ನಮ್ಮ ರಾಜಿ.

ಆಮೇಲಿನ ಎರಡು ಗಂಟೆ ನಾನು ನೋಡಿದ ಅತಿ ಒಳ್ಳೆಯ ಕ್ಲಾಸು. ಮೇಡಂ ನಮ್ಮನ್ನು ಆರು ಗುಂಪು ಮಾಡಿ ಆರು ಪಾರ್ಕಿಗೆ ಕಳಿಸಿದರು. ಪ್ರತಿ ಗುಂಪಿನ ಹತ್ತಿರವೂ ನನ್ನ ಪಟ್ಟಿ ಇತ್ತು. ಜೋಕಾಲಿ ಕಂಡರೆ ತಳ್ಳುವುದಷ್ಟೇ ಗೊತ್ತಿದ್ದ ಗೇಟಿನವರೂ ನಟ್ಟಿಗೆ ಬೆರಳು ಹಚ್ಚಿ ನೋಡಿದರು. ನಾನೂ ದೊಡ್ಡಪ್ಪನೂ ಈಜುಕೊಳದ ಹುಡುಗಿಯೂ ರೈಲು ಹಳಿ ಪಕ್ಕದ್ದಕ್ಕೆ ಹೋದೆವು. ಅಲ್ಲಿ ಎಂಟೂ ಗಟ್ಟಿಯಾಗಿದ್ದವು. ಆದರೂ ಎಂಟನ್ನೂ ಬದಲಿಸಿದೆವು. ಒಂದೊಂದು ಹೊಸ ನಟ್ಟೂ ಬೋಲ್ಟನ್ನು ಕಚ್ಚಿ ನಿಲ್ಲುವಾಗ ಸ್ಪ್ಯಾನರಿನಿಂದ ಅದು ಕೈಗೆ ತಿಳಿಯುತ್ತಿತ್ತು. ಇಷ್ಟು ವರ್ಷ ಈ ಕೆಲಸ ಮಾಡಿದ್ದರೂ ಕಿವಿಗೊಟ್ಟು ಕೇಳಿದಂತೆ ಅದನ್ನು ಗಮನಿಸಿದ್ದು ಅವತ್ತೇ. ಫೋನುಗಳು ಒಂದೊಂದಾಗಿ ಬಂದವು. ಆಸ್ಪತ್ರೆ ಎದುರಿನದು ಆಯ್ತು. ಮೂರು ಮೂಲೆಯಲ್ಲಿ ಒಂದು ಬೆರಳಲ್ಲಿ ತಿರುಗಿತು, ಬದಲಿಸಿದ್ವಿ. ಐದೂವರೆಗೆ ಕೊನೆಯ ಪಾರ್ಕಿನಿಂದ, "ಮುಗೀತು, ಹಸಿವಾಗ್ತಿದೆ."

ದೊಡ್ಡಪ್ಪ ಬೆಂಚಿನ ಮೇಲೆ ಉದ್ದಕ್ಕೆ ಮಲಗಿ, "ಇನ್ನು ನನ್ನನ್ನ ಹೊತ್ತುಕೊಂಡೇ ಹೋಗಿ," ಎಂದರು.

ಈಜುಕೊಳದ ಕಟ್ಟಡಕ್ಕೆ ಮರಳಿದಾಗ ಸೂಪರ್ವೈಸರ್ ನನ್ನನ್ನು ಪಕ್ಕಕ್ಕೆ ಕರೆದರು. "ಮೂರನೇ ಮೆಮೊ ಬರುತ್ತೆ. ನಾನು ಬರೀಲೇಬೇಕು."

"ಬರೀರಿ ಸಾರ್."

"ತಾನಾಗೇ ಎದ್ದು ಹೇಳಿದ ಅಂತಾನೂ ಬರೀತೀನಿ." ಟೋಪಿ ಸರಿಮಾಡಿಕೊಂಡರು. "ಮುಂದೆ ಚೀಟಿ ಇಲ್ಲದೆ ಬಾಯಲ್ಲಿ ಹೇಳಿದರೂ ನಟ್ಟು ಕೊಡಬೇಕು ಅಂತ ಸ್ಟೋರಿಗೆ ಆದೇಶ ಮಾಡಿಸ್ತೀನಿ. ಬರೆಯೋದು ಅವನ ಕೆಲಸ. ಕುರ್ಚಿ ಮೇಲೆ ಕೂತಿರೋನು ಅವನು ತಾನೇ."

"ಇವತ್ತಿನ ಹಾಜರಿ ಸಾರ್?" ಸರ್ಟಿಫಿಕೇಟಿನ ನೆನಪು ನನಗೆ ಬಂದದ್ದೇ ಆಗ.

ಮೇಡಂ ಪೆಟ್ಟಿಗೆಯನ್ನು ಕಾರಿಗೆ ಹಾಕುತ್ತಿದ್ದವರು ಅಲ್ಲಿಂದಲೇ ಹೇಳಿದರು, "ಇಡೀ ಕ್ಲಾಸೇ ಜೊತೇಲಿದ್ದಾಗ ಗೈರುಹಾಜರಿ ಯಾರದು? ನಾಳೆ ಒಂಬತ್ತಕ್ಕೆ ಬಾ. ತಡ ಮಾಡಿದ್ರೆ ಮಾತ್ರ ನಾನೇ ನಾಲ್ಕನೇ ಮೆಮೊ ಬರೀತೀನಿ."

ರಾತ್ರಿ ಊಟಕ್ಕೆ ಅಕ್ಕನ ಮನೆಗೆ ಹೋದೆ. ಅಕ್ಕನಿಗೆ ಎಲ್ಲ ಹೇಳಿದೆ, ಬಿಡಿಸಿ, ಚೀಟಿಯ ವಿಷಯವನ್ನೂ ಸೇರಿಸಿ. ಅವಳು ನನ್ನ ತಲೆಗೆ ಒಂದು ಮೊಟಕಿದಳು, ಆಮೇಲೆ ಅದೇ ಜಾಗವನ್ನು ಸವರಿದಳು.

ಚೂಟಿ ಮಾತ್ರ ಮಾತು ಬಿಟ್ಟಿದ್ದಳು. ಗೋಡೆ ಕಡೆ ಮುಖ ಮಾಡಿ ಕೂತಿದ್ದಳು.

"ಏನೇ, ಮಾಮನ ಮೇಲೆ ಕೋಪಾನಾ?"

"ಮಾತಾಡ್ಬೇಡ."

"ಯಾಕೆ?"

ಸಾಕಾಗಿತ್ತು ಅವಳಿಗೆ ಅಷ್ಟು. ತಿರುಗಿ ಕೂತಳು. "ಎರಡು ದಿನದಿಂದ ಕ್ಯೂ ನಿಂತಿದ್ದೆ! ನಂದು ಆಗಷ್ಟೇ ಶುರು ಆಗಿತ್ತು! ಹತ್ತು ಸಲ ಕೂಡ ತೂಗಿರಲಿಲ್ಲ! ನೀನು ಕಿರುಚಿದ್ದು ನಮ್ಮ ಮಿಸ್ಸಿಗೂ ಕೇಳ್ಸಿದೆ. ನಾಳೆ ಎಲ್ಲರೂ ನನ್ನನ್ನ 'ಅರಚೋ ಮಾಮನ ಸೊಸೆ' ಅಂತಾರೆ. ನಿಂಗೆ ಮೆಲ್ಲಗೆ ಹೇಳೋಕೆ ಬರಲ್ವಾ? ನನ್ನ ರಿಬ್ಬನ್ ಬೇರೆ ಬಿದ್ದೋಯ್ತು. ಹಸಿರುದು. ಅದೊಂದೇ ಇದ್ದಿದ್ದು..."

ಕೈ ಬೀಸಿ ಬೀಸಿ ಹೇಳುತ್ತಿದ್ದಳು. ಎರಡೂ ಕೈ ನೆಟ್ಟಗಿದ್ದವು. ಕಾಲು ಅಪ್ಪಳಿಸಿದಳು, ಎರಡೂ ಕಾಲು ನೆಟ್ಟಗಿದ್ದವು. ಅಕ್ಕ "ಸಾಕು ಬಿಡೇ" ಎಂದಳು. "ಬೈಯ್ಲಿ ಬಿಡಕ್ಕ," ಎಂದೆ. ತಟ್ಟೆ ಮುಂದೆ ಎಳೆದುಕೊಂಡು ಎರಡನೇ ಸಲ ಬಡಿಸಿಕೊಂಡೆ. ಅವಳು ಮೊದಲಿನಿಂದ ಮತ್ತೆ ಶುರು ಮಾಡಿದಳು. ನಾನು ಉಣ್ಣುತ್ತ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡೆ.